ಅಷ್ಟು ಭಾರದ ಗಾಡಿ, ಪಾಪ ಕುದುರೆಗೆ ಕಷ್ಟ ಆಗಲ್ವಾ?

ಕ್ಯಾರೇಜ್ ಡ್ರೈವಿಂಗ್ ಸ್ಪರ್ಧೆಗೆ ಕೈಯಾರೆ ಕುದುರೆ ಗಾಡಿ ಮಾಡ್ತೀನಿ ಅಂತ ಯಾರಿಗೆ ಹೇಳಿದ್ರೂ ಮೊದಲು ಕೇಳೋದು ಇದನ್ನೇ. ತೂಕ ಎಷ್ಟು, ಇನ್ನೂ ಹಗುರ ಮಾಡಕ್ಕಾಗಲ್ವಾ ಅಂತ. ಕುದುರೆ ಮೇಲಿನ ಕಾಳಜಿ ಸರಿನೇ, ಆದ್ರೆ ನನ್ನ ಕೇಳಿದ್ರೆ ತೂಕ ಎಷ್ಟಿದೆ ಅನ್ನೋದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನೋದು ಮುಖ್ಯ.

ಗಟ್ಟಿ ಸಮ ನೆಲದಲ್ಲಿ ಚಕ್ರ ಉರುಳ್ತಿದ್ರೆ ಕುದುರೆ ಎಳೆಯೋದು ಗಾಡಿ ತೂಕದ ಸಣ್ಣ ಪಾಲು ಅಷ್ಟೇ. ಕೆಸರು, ಏರು ಬಂದ್ರೆ ಲೆಕ್ಕ ಬೇರೆ, ಒಪ್ತೀನಿ. ಆದ್ರೂ ನೋಡಿ, ಕುದುರೆ ಕ್ರೀಡೆಗಳ ಅಂತಾರಾಷ್ಟ್ರೀಯ ಫೆಡರೇಶನ್ ಎಫ್‌ಇಐ ನಿಯಮದಲ್ಲಿ ಮ್ಯಾರಥಾನ್ ಅನ್ನೋ, ಅಡ್ಡಿಗಳ ಮಧ್ಯೆ ಓಡಿಸೋ ಸುತ್ತಿನ ಗಾಡಿ ಇಷ್ಟಕ್ಕಿಂತ ಹಗುರ ಇರಬಾರ್ದು ಅಂತಿದೆ, ಒಂಟಿ ಕುದುರೆದು 150 ಕೆಜಿ, ಜೋಡಿದು 350, ನಾಲ್ಕು ಕುದುರೆದು 600. ಅಡ್ಡಿಗಳ ಮಧ್ಯೆ ಜೋರಾಗಿ ತಿರುಗಿಸ್ವಾಗ ತೀರಾ ಹಗುರದ ಗಾಡಿ ಎಗರಿ ಮಗುಚಿದ್ರೆ ಕುದುರೆಗೂ ಏಟು, ಒಳಗಿದ್ದೋರಿಗೂ ಏಟು.

ನನಗೆ ತಲೆನೋವು ಕೊಡೋದು ಎರಡು ಚಕ್ರದ ಗಾಡಿ. ಕುದುರೆ ಎಳೆಯೋದು ಎದೆಪಟ್ಟಿಯಿಂದ, ಗಾಡಿಯಿಂದ ಕುದುರೆ ಅಕ್ಕಪಕ್ಕಕ್ಕೆ ಚಾಚಿರೋ ಎರಡು ಉದ್ದ ಕೋಲು, ಅಂದ್ರೆ ಮೂಕಿ, ಇರೋದು ಗಾಡಿ ತಿರುಗಿಸಕ್ಕೆ ಮತ್ತೆ ಅದನ್ನ ಸಮವಾಗಿ ಹಿಡಿಯಕ್ಕೆ. ಡ್ರೈವರ್ ಮೇಲೆ ಕೂತಾಗ ಮೂಕಿ ತುದಿನ ಎರಡು ಬೆರಳಲ್ಲಿ ಎತ್ತಕ್ಕಾಗ್ಬೇಕು, ಕುದುರೆ ಓಡುವಾಗ ಬೆನ್ನಿನ ಪಕ್ಕದ ಚರ್ಮದ ಕುಣಿಕೆಯೊಳಗೆ ಅದು ತೇಲ್ತಿರೋ ಹಾಗೆ ಮೇಲೆ ಕೆಳಗೆ ಸ್ವಲ್ಪ ಆಡ್ತಿರ್ಬೇಕು. ಮುಂದಕ್ಕೆ ಭಾರ ಜಾಸ್ತಿ ಆದ್ರೆ ಅದೆಲ್ಲಾ ಬೆನ್ನ ಮೇಲೆ ಬೀಳತ್ತೆ, ಹಿಂದಕ್ಕಾದ್ರೆ ಮೂಕಿ ಮೇಲಕ್ಕೆದ್ದು ಹೊಟ್ಟೆಪಟ್ಟಿ ಜಗ್ಗತ್ತೆ.

ನನ್ನ ಮೊದಲ ಗಾಡಿಗೆ ಸೀಟು ಫಿಕ್ಸ್ ಮಾಡ್ಬಿಟ್ಟಿದ್ದೆ, ನಾನು ಕೂತು ನೋಡಿದ್ರೆ ತಕ್ಕಡಿ ಥರ ಸಮ, ಏನ್ ಕೆಲಸ ಮಾಡಿದೀನಪ್ಪಾ ಅಂತ ಖುಷಿನೋ ಖುಷಿ. ಆಮೇಲೆ ನನ್ನ ಒಂದೂವರೆಪಟ್ಟು ಇರೋ ಗೆಳೆಯ ಹತ್ತಿ ಕೂತ, ಮೂಕಿ ಎರಡೂ ಆಕಾಶಕ್ಕೆ! ಪುಣ್ಯಕ್ಕೆ ಕುದುರೆ ಇನ್ನೂ ಕಟ್ಟಿರ್ಲಿಲ್ಲ. ಅವತ್ತಿಂದ ಸೀಟು ಹಿಂದೆ ಮುಂದೆ ಜರುಗಿಸೋ ಹಾಗೇ ಮಾಡೋದು.

ಕುದುರೆ ಎತ್ತರನೂ ಅಷ್ಟೇ. ಎತ್ತರದ ಕುದುರೆಗೆ ಅಂತ ಮಾಡಿದ ಗಾಡಿಗೆ ಗಿಡ್ಡ ಕುದುರೆ ಕಟ್ಟಿದ್ರೆ ಗಾಡಿಯೇ ಮುಂದಕ್ಕೆ ವಾಲತ್ತೆ, ಡ್ರೈವರ್ ಜಾರುಬಂಡಿ ಮೇಲೆ ಕೂತ ಹಾಗೆ. ರೆಡಿಮೇಡ್ ಯಾಕೆ ತಗೊಳ್ಳಲ್ಲ ಅನ್ನೋರಿಗೂ ಇದೇ ಉತ್ತರ, ರೆಡಿಮೇಡಲ್ಲೂ ಒಳ್ಳೇವು ಇವೆ, ಆದ್ರೆ ಕುದುರೆಗಳು ಒಂದೇ ಅಳತೆಲಿ ಹುಟ್ಟಲ್ವಲ್ಲ.

ಈಗ ಗಾಡಿ ಬೇಕು ಅಂತ ಬಂದವರ ಹತ್ರ ಮೊದಲು ಕುದುರೆ ಎತ್ತರ ಕೇಳ್ತೀನಿ, ಆಮೇಲೆ ಅವರ ತೂಕ. ಎರಡನೇದನ್ನ ಎಲ್ರೂ ನಾಲ್ಕೈದು ಕೆಜಿ ಕಮ್ಮಿನೇ ಹೇಳ್ತಾರೆ, ಅದಕ್ಕೆ ಸೀಟಿನ ಹಳಿಯಲ್ಲಿ ಮುಂದಿನ ಕಡೆ ಬೋಲ್ಟಿಗೆ ಒಂದು ತೂತು ಜಾಸ್ತಿನೇ ಕೊರೆದಿಟ್ಟಿರ್ತೀನಿ.