ರೋಲ್‌ಪ್ಲೇ ಪ್ರೊಫೈಲ್‌ನಲ್ಲಿ ಪಾತ್ರದ ಬಗ್ಗೆ ಎಷ್ಟು ಹೇಳಬೇಕು? ಸಾರಥಿ ಕೇಳಿದಷ್ಟು

ಆನ್‌ಲೈನ್ ರೋಲ್‌ಪ್ಲೇಗೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಇದು: "ನನ್ನ ಪಾತ್ರದ ಪ್ರೊಫೈಲ್‌ನಾಗ ಏನೇನು ಹಾಕ್ಬೇಕ್ರಿ, ಯಾವುದು ಮುಚ್ಚಿಡಬೇಕ್ರಿ?" ನಾಲ್ಕಾರು ಮಂದಿ ಒಂದೊಂದು ಪಾತ್ರ ಹಿಡಿದು, ಸರದಿಯಂತೆ ಬರೆಯುತ್ತ ಕಥೆ ಬೆಳೆಸುವ ಆಟ ಇದು. ಒಬ್ಬರ ಪಾತ್ರ ಇನ್ನೊಬ್ಬರಿಗೆ ಮೊದಲು ಸಿಗುವುದು ಪ್ರೊಫೈಲ್‌ನಲ್ಲೇ. ಹಾಗಾಗಿ ಪ್ರಶ್ನೆ ಸಣ್ಣದಲ್ಲ.

ಉತ್ತರ ನಮ್ಮ ಬಳ್ಳಾರಿ, ಕೊಪ್ಪಳ ಸೀಮೆಯ ದೊಡ್ಡಾಟದಲ್ಲೇ ಇದೆ. ಈ ಬಯಲಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು, ಆಟ ನಡೆಸಿಕೊಡುವ ಸಾರಥಿ ಮಾತಾಡಿಸುತ್ತಾನೆ: ತಾವು ಯಾರು, ಯಾವ ಪಟ್ಟಣ, ಈ ಸಭೆಗೆ ಬಂದ ಕಾರಣವೇನು? ರಾಜನಾದವನು ಹೆಸರು, ಊರು, ಪರಾಕ್ರಮ, ಬಂದ ಕೆಲಸ ಹೇಳಿಕೊಳ್ಳುತ್ತಾನೆ. ಅವನ ಒಳಗಿನ ಹಗೆ, ಅಂಜಿಕೆ ರಾತ್ರಿಯೆಲ್ಲ ಆಟ ನಡೆದಂತೆ ಹೊರಬೀಳುತ್ತವೆ. ಪ್ರೊಫೈಲ್ ಅಂದರೆ ಸಾರಥಿಗೆ ಕೊಟ್ಟ ಆ ಉತ್ತರ. ಅದಕ್ಕಿಂತ ಹೆಚ್ಚು ಬೇಡ, ಕಡಿಮೆಯೂ ಬೇಡ.

ಒಂದು ಪಾತ್ರ ಕಟ್ಟಿ ನೋಡೋಣ. ಕಾಲ 1520, ಕೃಷ್ಣದೇವರಾಯನ ದಂಡು ರಾಯಚೂರಿನ ಮೇಲೆ ಹೊರಟ ವರ್ಷ. ಜಾಗ ತುಂಗಭದ್ರೆಯ ಆನೆಗುಂದಿ ಕಡವು. ಪ್ರೊಫೈಲ್ ಇಷ್ಟು:

"ಹನುಮವ್ವ. ನಲವತ್ತು ದಾಟ್ಯಾವ. ಆನೆಗುಂದಿ ಕಡವಿನಾಗ ಹರಿಗೋಲು ಹಾಕ್ತಾಳ. ಎಡಗೈ ಎರಡು ಬಳ್ಳು ಮಡಚಂಗಿಲ್ಲ, ಯಾಕಂತ ಕೇಳಿದ್ರ ಮಾತು ಬದಲಸ್ತಾಳ. ಕತ್ತಲಾದ ಮ್ಯಾಲ ದಾಟಸಾಕ ಎರಡು ಪಟ್ಟು ಕೂಲಿ. ದಂಡಿನವರನ್ನ ಕಂಡ್ರ ಮಾತು ಕಡಿಮಿ."

ಇದರಲ್ಲಿ ಎದುರಿನವರಿಗೆ ಎಷ್ಟು ಹಿಡಿಕೆ ಸಿಕ್ಕಿವೆ ನೋಡಿ. ವ್ಯಾಪಾರಿ ಕೂಲಿಗೆ ಚೌಕಾಸಿ ಮಾಡಬಹುದು, ಸಿಪಾಯಿ ಅವಳ ಮೌನವನ್ನು ಕೆಣಕಬಹುದು, ಚಿಕ್ಕ ಹುಡುಗಿ ಬೆರಳಿಗೇನಾಯಿತು ಅಂತ ಕೇಳಬಹುದು. ಇಂಥ ಹಿಡಿಕೆ ಮೂರು ಸಾಕು. ಹತ್ತು ಕೊಟ್ಟರೆ ಯಾವುದನ್ನೂ ಯಾರೂ ಹಿಡಿಯುವುದಿಲ್ಲ.

ವೈರಿ ಬಿಜಾಪುರದ ಬೇಹಿನವನನ್ನು ಒಂದು ರಾತ್ರಿ ಅವಳೇ ದಾಟಿಸಿದ್ದಳು ಅನ್ನುವುದು ಗುಟ್ಟು. ಅದು ನಿಮ್ಮ ನೋಟ್‌ಬುಕ್‌ನಲ್ಲಿರಲಿ. ಪ್ರೊಫೈಲ್‌ನಲ್ಲಿ ಬರೆದಿರೋ, ಸಿಪಾಯಿ ಪಾತ್ರದವರು ಓದುತ್ತಾರೆ. ಎರಡನೇ ದೃಶ್ಯಕ್ಕೇ ಆ ಸಿಪಾಯಿ ಕಾರಣವಿಲ್ಲದೆ ಅವಳ ಮೇಲೆ ಕಣ್ಣಿಡುತ್ತಾನೆ. ಇದಕ್ಕೆ ಮೆಟಾಗೇಮಿಂಗ್ ಅನ್ನುತ್ತಾರೆ: ಆಡುವವನಿಗೆ ಗೊತ್ತಿರುವುದು ಪಾತ್ರದ ತಲೆಗೆ ಹೋಗಿಬಿಡುವುದು. ಬಹುತೇಕ ಯಾರೂ ಬೇಕಂತ ಮಾಡುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಬರೆಯುವುದು ಪಳಗಿದವರಿಗೂ ಕಷ್ಟ, ಅಷ್ಟೆ. ಆಟ ನಡೆಸುವವರಿಗೆ ಮಾತ್ರ ಗುಟ್ಟನ್ನು ಖಾಸಗಿಯಾಗಿ ತಿಳಿಸಿ: ಏನದು, ಕಥೆಯೊಳಗೆ ಯಾರಿಗೆ ಗೊತ್ತು, ಹೇಗೆ ಹೊರಬರಬಹುದು.

ಓದಿ ಕೂಡಿಟ್ಟ ವಿಷಯವನ್ನೂ ಪ್ರೊಫೈಲ್‌ಗೆ ಸುರಿಯಬೇಡಿ. ಆ ಕಾಲದಲ್ಲೇ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಹೊರಗೆ ಚರ್ಮದ ಹೊದಿಕೆ, 15-20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು. ಬಂಗಾರದಂಥ ವಿವರ. ಆದರೆ ಅದರ ಜಾಗ, ಬೆದರಿದ ಕುದುರೆಯನ್ನು ಹನುಮವ್ವ ಹೊಳೆ ನಡುವೆ ಸಂಭಾಳಿಸುವ ದೃಶ್ಯ.

ತೀರ ಕಡಿಮೆ ಬರೆಯುವುದೂ ಅಷ್ಟೇ ಕೆಡುಕು. "ನಿಗೂಢ ವ್ಯಕ್ತಿ, ಯಾರ ಜೊತೆಗೂ ಬೆರೆಯಲ್ಲ" ಅಂತ ಇದ್ದರೆ ಎದುರಿನವರು ಏನಂತ ಮಾತಾಡಿಸಬೇಕು? ಬರೆದಾದ ಮೇಲೆ ಗೆಳೆಯರೊಬ್ಬರಿಗೆ ಓದಲು ಕೊಡಿ. ನಿಮ್ಮ ಪಾತ್ರಕ್ಕೆ ಮೊದಲ ಮಾತು ಏನಾಡಬೇಕೆಂದು ಅವರಿಗೆ ಹೊಳೆಯಬೇಕು. ಹೊಳೆಯದಿದ್ದರೆ ವಿವರ ಸಾಲದು. ಕಥೆಯ ಕೊನೆಯೇ ಹೊಳೆದುಬಿಟ್ಟರೆ ಅರ್ಧ ಅಳಿಸಿ.

ಅಳತೆ ಬೇಕೆನ್ನುವವರಿಗೆ: ಹೆಚ್ಚೆಂದರೆ 120ರಿಂದ 150 ಪದ. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಉಚಿತ ಖಾತೆಯ ಒಂದು ಸಂದೇಶಕ್ಕೆ 2000 ಕ್ಯಾರೆಕ್ಟರ್ (ಅಕ್ಷರಚಿಹ್ನೆ) ಮಿತಿಯಿದೆ, ಅದರೊಳಗೆ ಇದು ಆರಾಮಾಗಿ ಹಿಡಿಸುತ್ತದೆ. ಅಲ್ಲಿನ 'ಅಬೌಟ್ ಮಿ' ಜಾಗಕ್ಕೆ ಮಾತ್ರ 190. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತೊಡಕು: ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. 'ಬಳ್ಳಾರಿ' ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಏಳು. ಹಾಗಾಗಿ 190 ಅಂದರೆ ಸುಮಾರು ಇಪ್ಪತ್ತು ಪದ. ಅಲ್ಲಿ ಹೆಸರು, ಕಾಲ, ಊರು ಬರೆದು ಸುಮ್ಮನಾಗಿ.

ಇನ್ನು ಮುಚ್ಚಿಡಲೇಬಾರದ ಮಾತುಗಳಿವೆ. ಅವು ಪಾತ್ರದವಲ್ಲ, ಆಡುವ ನಿಮ್ಮವು. ವಾರಕ್ಕೆ ಎಷ್ಟು ಸಲ ಉತ್ತರ ಬರೆಯಬಲ್ಲಿರಿ, ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ, ಯಾವ ವಿಷಯ ನಿಮ್ಮ ದೃಶ್ಯದಲ್ಲಿ ಬೇಡವೇ ಬೇಡ. ಆತ್ಮಹತ್ಯೆ, ಲೈಂಗಿಕ ಹಿಂಸೆ, ಜಾತಿ ನಿಂದನೆ, ಯಾವುದಿದ್ದರೂ ಹೆಸರಿಟ್ಟೇ ಹೇಳಿ, ಕಾರಣ ಕೊಡುವ ಅಗತ್ಯವಿಲ್ಲ. ಪಾತ್ರದ ಕಣ್ಣಿನ ಬಣ್ಣಕ್ಕಿಂತ ಈ ಮೂರು ಸಾಲು ಆಟವನ್ನು ಹೆಚ್ಚು ಕಾಯುತ್ತವೆ. ವಯಸ್ಸು 18ರ ಮೇಲೋ ಕೆಳಗೋ ಅಷ್ಟು ಹೇಳಿ, ಹುಟ್ಟಿದ ದಿನಾಂಕ ಬೇಡ.

ಹೊರಗೆ ಬಿಡಬಾರದ್ದು ನಿಮ್ಮ ಗುರುತು. ನಮ್ಮ ಕಡೆ ಊರುಗಳು ಸಣ್ಣವು. ಗಂಗಾವತಿ, ಅಪ್ಪನ ರೈಸ್ ಮಿಲ್, ಡಿಗ್ರಿ ಎರಡನೇ ವರ್ಷ: ಬಿಡಿಯಾಗಿ ಮೂರೂ ನಿರುಪದ್ರವಿ, ಒಂದೇ ಕಡೆ ಸೇರಿದರೆ ಮನೆ ಬಾಗಿಲು ತೋರಿಸಿದಂತೆ. ಪಾತ್ರಕ್ಕೆ ಹೆಸರಿಡುವಾಗಲೂ ಎಚ್ಚರ. ಅಡ್ಡಹೆಸರು ಹಲವು ಕಡೆ ಕಸುಬಿನಿಂದಲೋ ಊರಿನಿಂದಲೋ ಬಂದದ್ದು. ಈಗಿನ ಕಾಲದ ಪಾತ್ರಕ್ಕೆ ಹಳ್ಳಿ ಹೆಸರು, ಅಡ್ಡಹೆಸರು ಎರಡನ್ನೂ ಜೋಡಿಸಿದರೆ ನಿಜವಾಗಿ ಬಾಳುತ್ತಿರುವ ಒಂದು ಮನೆತನಕ್ಕೇ ಬೊಟ್ಟು ಮಾಡಿದಂತಾದೀತು. ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಯಾರದೋ ಇನ್‌ಸ್ಟಾಗ್ರಾಂ ಫೋಟೋ ತಂದು ಪಾತ್ರದ ಮುಖ ಮಾಡಬೇಡಿ.

ಪ್ರೊಫೈಲ್ ಒಮ್ಮೆ ಬರೆದು ಮರೆಯುವಂಥದ್ದಲ್ಲ. ಪಾತ್ರವಾಗಿ ಆಡಿದ್ದಷ್ಟೇ ಅದರೊಳಗೆ ಸೇರಬೇಕು. ಹನುಮವ್ವ ಒಂದು ರಾತ್ರಿ ಆ ಹುಡುಗಿಗೆ ಬೆರಳಿನ ಕಥೆ ಹೇಳಿದಳೆನ್ನಿ. ದೃಶ್ಯ ಮುಗಿದ ಮೇಲೆ "ಮಾತು ಬದಲಸ್ತಾಳ" ಅನ್ನುವ ಸಾಲು ಅಳಿಸಿ, ಹೀಗೆ ಬರೆಯಿರಿ: "ಬಳ್ಳು ಹೆಂಗ ಹೋದವಂತ ಕಡವಿನಾಗ ಒಬ್ಬಾಕಿಗಷ್ಟ ಗೊತ್ತು."