ಎರೆಮಣ್ಣಿನ ಊರಿನಲ್ಲಿ ಸ್ಟೀವಿಯಾ

ಕಲಬುರಗಿಯಲ್ಲಿ ಸ್ಟೀವಿಯಾ, ಅಂದರೆ ಸಕ್ಕರೆಯ ಬದಲು ಬಳಸುವ ಸಿಹಿ ಎಲೆಯ ಗಿಡ, ಬೆಳೆಸಬೇಕೆನ್ನುವವರು ಬಿಸಿಲಿಗಿಂತ ಮೊದಲು ಮಣ್ಣಿನ ಬಗ್ಗೆ ಯೋಚಿಸಬೇಕು. ತೊಗರಿಗೆ ಹೇಳಿ ಮಾಡಿಸಿದಂತಿರುವ ನಮ್ಮ ಎರೆಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪರಾಗ್ವೆ ದೇಶದ ಮರಳುಮಿಶ್ರಿತ ನೆಲದಿಂದ ಬಂದ ಈ ಗಿಡದ ಬೇರುಗಳಾದರೋ ನೀರು ನಿಂತರೆ ಕೊಳೆತುಹೋಗುತ್ತವೆ. ಹಾಗಾಗಿ ನಮ್ಮ ಮಾಳಿಗೆಯ ಮೇಲೆ ಕುಂಡದಲ್ಲೇ ಬೆಳೆಸಿದ್ದೇನೆ. ಬೀದರ್ ಕಡೆಯ ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ, ತಳದ ತೂತಿನ ಮೇಲೆ ಒಂದು ಹೆಂಚಿನ ಚೂರನ್ನು ಇಟ್ಟರೆ ನೀರು ಸರಾಗವಾಗಿ ಇಳಿದುಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ಬಿಸಿಲಷ್ಟೇ ಸಾಕು, ಮಧ್ಯಾಹ್ನಕ್ಕೆ ನೆರಳು ಬೇಕೇ ಬೇಕು. ಬೀಜ ಮೊಳೆಯುವುದು ಕಡಿಮೆಯಾದ್ದರಿಂದ ನರ್ಸರಿಯ ಸಸಿಯನ್ನೋ, ಗೆಳೆಯರ ಮನೆಯ ಕುಡಿಯನ್ನೋ ತಂದು ನೆಡುವುದು ಒಳ್ಳೆಯದು.

ಇದು ಹಗಲು ಚಿಕ್ಕದಾದಾಗ ಹೂ ಬಿಡುವ ಸಸ್ಯ. ನಮ್ಮ ಭಾಗದಲ್ಲಿ ಜೂನ್ ತಿಂಗಳ ಹಗಲು ಕೂಡ 13 ಗಂಟೆಯ ಆಸುಪಾಸಿನಲ್ಲೇ ಇರುವುದರಿಂದ, ಸುಮ್ಮನೆ ಬಿಟ್ಟರೆ ಗಿಡ ಬೇಗ ಮೊಗ್ಗಿಗೆ ತಿರುಗುತ್ತದೆ. ಹೂವಾದ ಮೇಲೆ ಎಲೆಯ ಸಿಹಿ ತಗ್ಗುತ್ತದೆ. ತುದಿಯನ್ನು ಆಗಾಗ ಚಿವುಟುತ್ತಿದ್ದರೆ ಪಕ್ಕದ ಕುಡಿಗಳು ಒಡೆದು ಗಿಡ ಪೊದೆಯಾಗುತ್ತದೆ. ಮೊಗ್ಗು ಕಾಣುವ ಹೊತ್ತಿಗೆ ಕೊಯ್ದ ಎಲೆಯೇ ಹೆಚ್ಚು ಸಿಹಿ. ಎಲೆಗಳನ್ನು ಕಡ್ಡಿಯಿಂದ ಬಿಡಿಸಿ ನೆರಳಿನಲ್ಲಿ ಒಣಗಿಸಿದರೆ, ಬೆರಳ ನಡುವೆ ಗರಗರನೆ ಪುಡಿಯಾಗುತ್ತವೆ. ಕಡ್ಡಿಯಲ್ಲಿ ಸಿಹಿ ಅಷ್ಟಾಗಿ ಇರುವುದಿಲ್ಲ.

ಚಹಾಕ್ಕೆ ಈ ಪುಡಿ ಚಿಟಿಕೆಗಿಂತ ಕಡಿಮೆ ಸಾಕು. ಹೆಚ್ಚು ಹಾಕಿದರೆ, ಇಲ್ಲವೇ ಬಹಳ ಹೊತ್ತು ಕುದಿಸಿದರೆ ನಾಲಿಗೆಯ ಮೇಲೆ ಜ್ಯೇಷ್ಠಮಧುವಿನಂಥ ಒಗರು ಉಳಿಯುತ್ತದೆ. ಹಾಲು ಹಾಕಿದ ಮೇಲೆ ಪುಡಿ ಸೇರಿಸಿ, ಒಂದೇ ಕುದಿ ಬರಿಸಿ ಸೋಸುವುದು ನಮ್ಮ ಮನೆಯ ಪದ್ಧತಿ. ಸಕ್ಕರೆ ಕಾಯಿಲೆ ಇರುವವರು ಈ ಚಹಾದ ಜೊತೆ ನಾಲ್ಕು ಬಿಸ್ಕತ್ತು ತಿಂದರೆ ಪ್ರಯೋಜನವೇನೂ ಇಲ್ಲ ಎನ್ನುವುದನ್ನು ನಾನು ಮನೆಯಲ್ಲೂ ಹೇಳುತ್ತಲೇ ಇರುತ್ತೇನೆ.

ಅಂಗಡಿಯ ಬಿಳಿ ಪುಡಿ ಬೇರೆಯದೇ ವಸ್ತು. ಎಲೆಯಲ್ಲಿರುವ ಸ್ಟೀವಿಯೋಸೈಡ್ ಎಂಬ ಅಂಶವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರು 1931ರಲ್ಲಿ ಬೇರ್ಪಡಿಸಿದರು. ಹೀಗೆ ಶುದ್ಧೀಕರಿಸಿದ ಸಾರ ಸಕ್ಕರೆಗಿಂತ ಸುಮಾರು 200ರಿಂದ 300 ಪಟ್ಟು ಸಿಹಿ. ಅಷ್ಟು ಸಿಹಿಯನ್ನು ಚಮಚದಲ್ಲಿ ಅಳೆಯಲಾಗದ್ದರಿಂದ ಎರಿಥ್ರಿಟಾಲ್, ಮಾಲ್ಟೋಡೆಕ್ಸ್‌ಟ್ರಿನ್‌ನಂಥ, ಅಷ್ಟು ಸಿಹಿಯಿಲ್ಲದ ಪುಡಿಗಳನ್ನು ಬೆರೆಸಿ ಪ್ರಮಾಣ ಹೆಚ್ಚಿಸಿ ಮಾರುವುದುಂಟು. ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಬೇಕು.

ಸಿಹಿತಿಂಡಿಗೆ ಮಾತ್ರ ಇದು ಒಗ್ಗುವುದಿಲ್ಲ. ಬೆಲ್ಲ ಹೂರಣಕ್ಕೆ ಸಿಹಿಯ ಜೊತೆಗೆ ಜಿಗುಟನ್ನೂ ತೂಕವನ್ನೂ ಬಣ್ಣವನ್ನೂ ಕೊಡುತ್ತದೆ, ಸ್ಟೀವಿಯಾ ಬರೀ ಸಿಹಿಯನ್ನು ಕೊಡುತ್ತದೆ. ಅದರಿಂದ ಪಾಕ ಬರುವುದಿಲ್ಲ, ಪಾಕವಿಲ್ಲದೆ ಪಂಚಮಿಯ ಶೇಂಗಾ ಉಂಡಿ ಕಟ್ಟಲಾಗುವುದಿಲ್ಲ. ಹಬ್ಬಕ್ಕೆ ನಾವು ಬೆಲ್ಲವನ್ನೇ ತರುತ್ತೇವೆ, ಉಂಡಿಯನ್ನು ಚಿಕ್ಕದಾಗಿ ಕಟ್ಟುತ್ತೇವೆ.