ತಿಮಿಂಗಿಲ ಮೀನಲ್ಲ, ಆದರೂ ನನ್ನ ಭಾಷೆಯಲ್ಲಿ ಮೀನು

ನಾನು ಬಿಡುವಿನಲ್ಲಿ ಒಂದು ಭಾಷೆ ಕಟ್ಟುತ್ತೇನೆ. ವಿಷಯ ಗೊತ್ತಾದವರು ಮೊದಲು ನಗುತ್ತಾರೆ. ಆಮೇಲೆ ಪದಪಟ್ಟಿ ತಿರುವಿಹಾಕಿ ಅದೇ ಪ್ರಶ್ನೆ ಕೇಳುತ್ತಾರೆ: "ತಿಮಿಂಗಿಲಕ್ಕೆ 'ನೂಮ ದಾ' ಅಂದಿದ್ದೀರಿ, ಅಂದ್ರೆ ದೊಡ್ಡ ಮೀನು. ಅದು ಮೀನಲ್ಲ ಅಂತ ಮಕ್ಕಳಿಗೂ ಗೊತ್ತು. ಹೇಗೂ ಹೊಸದಾಗಿ ಮಾಡ್ತಿದ್ದೀರಿ, ವಿಜ್ಞಾನದ ಪ್ರಕಾರ ಸರಿಯಾಗೇ ಮಾಡಬಾರದಾ?"

ಮಾಡಿ ನೋಡಿದೆ ಸ್ವಾಮಿ. ಮೊದಲ ಸಲ ಹಾಗೇ ಮಾಡಿದ್ದೆ. ಪದದ ಮೊದಲ ಅಕ್ಷರ ಪ್ರಾಣಿಗೆ, ಎರಡನೆಯದು ಬೆನ್ನೆಲುಬಿಗೆ, ಮೂರನೆಯದು ಹಾಲೂಡುವುದಕ್ಕೆ. ನಾಯಿ 'ಕರಮಿತ', ತೋಳ 'ಕರಮಿದ', ನರಿ 'ಕರಮಿನ'. ಹಾಳೆಯ ಮೇಲೆ ನೋಡಲು ಚೆಂದವೋ ಚೆಂದ. ಬಾಯಿಬಿಟ್ಟರೆ ಮಾತ್ರ ಫಜೀತಿ. ನಾಯಿಗೆ ಊಟ ಹಾಕಿದೆ ಅನ್ನಲು ಹೋಗಿ ತೋಳಕ್ಕೆ ಹಾಕಿದ್ದೆ.

ಆಗ ಒಂದು ವಿಷಯ ಹೊಳೆಯಿತು. ಹಾವು, ಹೂವು ಒಂದೇ ಥರ ಕೇಳಿಸಿದರೂ ಪರವಾಗಿಲ್ಲ. ಮುಡಿಯೋದು ಯಾವುದನ್ನ, ಓಡೋದು ಯಾವುದನ್ನ ಕಂಡು ಅಂತ ಮಾತಿನ ಸಂದರ್ಭವೇ ಹೇಳುತ್ತದೆ. ಆದರೆ ನಾಯಿ ಬರುವ ಮಾತಿನಲ್ಲಿ ತೋಳವೂ ಬರಬಹುದು. ಹತ್ತಿರದ ವಸ್ತುಗಳಿಗೇ ದೂರದ ಸದ್ದು ಬೇಕು. ವರ್ಗೀಕರಣದ ಭಾಷೆ ಸರಿಯಾಗಿ ಇದರ ಉಲ್ಟಾ ಮಾಡುತ್ತದೆ.

ಈ ಹುಚ್ಚು ಹಿಡಿದವನು ನಾನೊಬ್ಬನೇ ಅಲ್ಲ. 1668ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ಇಡೀ ಜಗತ್ತನ್ನು 40 ದೊಡ್ಡ ಗುಂಪುಗಳಾಗಿ ಹಂಚಿ, ಅದರಿಂದಲೇ ಪದ ಹುಟ್ಟಿಸಿದ. 'ದೆ' ಅಂದರೆ ಮೂಲವಸ್ತು, 'ದೆಬ್' ಅಂದರೆ ಬೆಂಕಿ, 'ದೆಬಾ' ಅಂದರೆ ಬೆಂಕಿಯ ಜ್ವಾಲೆ. ಬಲು ಜಾಣ ಕೆಲಸ. ಆದರೆ ಅವನ ಪಟ್ಟಿಯಲ್ಲೂ ತಿಮಿಂಗಿಲ ಮೀನುಗಳ ಜೊತೆಗೇ ಇತ್ತು! ಆ ಕಾಲದ ತಿಳಿವಳಿಕೆ ಅಷ್ಟೇ. ಜೀವಿಗಳನ್ನು ವರ್ಗೀಕರಿಸಿದ ವಿಜ್ಞಾನಿ ಲಿನೇಯಸ್ ಕೂಡ 1735ರಲ್ಲಿ ಅದನ್ನು ಮೀನು ಅಂದವನು, 1758ರಲ್ಲಿ ಸಸ್ತನಿಗಳ ಸಾಲಿಗೆ ತಂದ. ಪದದ ಒಳಗೇ ವಿಜ್ಞಾನ ಕೂರಿಸಿದರೆ, ವಿಜ್ಞಾನ ಮಗ್ಗುಲು ಬದಲಿಸಿದಾಗಲೆಲ್ಲ ನಾವು ಪದ ಬದಲಿಸಬೇಕು. ಯಾರಿಗೆ ಬೇಕು?

ಲಿನೇಯಸ್ ಹೇಳಿದ 60 ವರ್ಷದ ಮೇಲೂ ಜಗಳ ಮುಗಿದಿರಲಿಲ್ಲ. 1818ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಒಂದು ಮೊಕದ್ದಮೆ ನಡೆಯಿತು. ಮೀನಿನೆಣ್ಣೆಯ ತಪಾಸಣೆಗೆ ಶುಲ್ಕವಿತ್ತು. ತಿಮಿಂಗಿಲದ ಎಣ್ಣೆಗೂ ಅದು ಕಟ್ಟಬೇಕಾ? ವಿಜ್ಞಾನಿ ಬಂದು ಸಾಕ್ಷಿ ಹೇಳಿದರೂ, ತಿಮಿಂಗಿಲ ಮೀನೇ ಅಂತ ಜ್ಯೂರಿ ತೀರ್ಪು ಕೊಟ್ಟಿತು. ನನಗಂತೂ ಅವರು ದಡ್ಡರು ಅನ್ನಿಸುವುದಿಲ್ಲ. ಜನ ಆ ಪದವನ್ನು ಯಾವ ಅರ್ಥದಲ್ಲಿ ಆಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ, ಅದರ ಮೈಯೊಳಗೆ ಏನಿದೆ ಅನ್ನುವುದು ಬೇರೆ.

ನಮ್ಮ ಕನ್ನಡವನ್ನೇ ನೋಡಿ. ರೇಷ್ಮೆಹುಳ, ಎರೆಹುಳ, ಜೇನುಹುಳ. ಒಂದು ಪತಂಗದ ಮರಿ, ಒಂದಕ್ಕೆ ಕಾಲೇ ಇಲ್ಲ, ಇನ್ನೊಂದು ಹಾರುತ್ತದೆ. ಆದರೂ ಎಲ್ಲ ಹುಳವೇ. ಕಾಯಿ, ಹಣ್ಣು ಅನ್ನುವುದೂ ಹಾಗೇ. ಸಸ್ಯಶಾಸ್ತ್ರಕ್ಕೆ ಎರಡೂ ಒಂದೇ. ನಮಗೆ ಮಾಗಿದೆಯಾ ಇಲ್ಲವಾ ಅನ್ನೋದು ಮುಖ್ಯ. ಇದು ತಪ್ಪಲ್ಲ, ಬೇರೆ ಲೆಕ್ಕ. ದಿನಬಳಕೆಯ ಪದ 'ಇದು ಹೇಗಿದೆ, ಎಲ್ಲಿ ಸಿಗುತ್ತೆ, ಏನು ಮಾಡಬಹುದು' ಅಂತ ಕೇಳುತ್ತದೆ. ವಿಜ್ಞಾನ 'ಇದರ ಅಜ್ಜ ಯಾರು' ಅಂತ ಕೇಳುತ್ತದೆ.

ಅಜ್ಜನ ಲೆಕ್ಕಕ್ಕೆ ಹೋದರೆ 'ಮೀನು' ಅನ್ನುವ ಪದವೇ ಉಳಿಯೋದಿಲ್ಲ, ಗೊತ್ತಾ? ಶ್ವಾಸಕೋಶದಿಂದಲೂ ಉಸಿರಾಡುವ ಲಂಗ್‌ಫಿಶ್ ಸಾಲ್ಮನ್ ಮೀನಿಗಿಂತ ನಮಗೇ ಹತ್ತಿರದ ನೆಂಟ. ಮೊಸಳೆಗೆ ಹಲ್ಲಿಗಿಂತ ಹಕ್ಕಿ ಹತ್ತಿರ. ಹೀಗೆ ಮಾತಾಡುತ್ತಾ ಕೂತರೆ ಬಲೆ ಬೀಸೋದು ಯಾವಾಗ?

ಸೋನ್ಯಾ ಲ್ಯಾಂಗ್ ಕಟ್ಟಿದ ಟೋಕಿ ಪೋನ ಭಾಷೆಗೆ ಈ ತಲೆಬಿಸಿಯೇ ಇಲ್ಲ. ಸುಮಾರು 120 ಪದಗಳ ಪುಟ್ಟ ಭಾಷೆ. ಅಲ್ಲಿ ನೀರಿನಲ್ಲಿರುವ ಪ್ರಾಣಿ 'ಕಾಲಾ', ಹಾರುವ ಪ್ರಾಣಿ 'ವಾಸೋ'. ಮುಗೀತು. ಹೀಗೇ ಕಟ್ಟಿದ ಇನ್ನೊಂದು ಭಾಷೆ ಲೋಜ್ಬಾನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬೆಕ್ಕು ಅನ್ನುವ ಪದದ ಪಕ್ಕದಲ್ಲೇ 'ಇಂಥ ತಳಿಯದು' ಅಂತ ತುಂಬಲು ಒಂದು ಜಾಗ ಇರುತ್ತದೆ. ಬೇಕಾದವರು ತುಂಬಬಹುದು, ಬೇಡದವರು ಖಾಲಿ ಬಿಡಬಹುದು.

ನಾನು ಇಬ್ಬರಿಂದಲೂ ಕದ್ದೆ. 'ನೂಮ' ಅಂದರೆ ಈಜಿಕೊಂಡೇ ಬದುಕುವ ಪ್ರಾಣಿ. ಕನ್ನಡದಲ್ಲಿ ಸುಮ್ನೆ 'ಮೀನು' ಅಂತ ಬರೆದದ್ದು ನನ್ನ ಸೋಮಾರಿತನ. ಅರ್ಧ ಜಗಳ ಹುಟ್ಟಿದ್ದೇ ಅಲ್ಲಿ. ವಂಶ ಹೇಳಬೇಕಾದಾಗ 'ಎರ್' ಅನ್ನುವ ಪದ ಸೇರಿಸುತ್ತೇನೆ. ಆಗ ತಿಮಿಂಗಿಲ ನೀರಾನೆಯ ನೆಂಟನಾಗಿ ಹಾಲೂಡುವವರ ಸಾಲಿಗೆ ಹೋಗುತ್ತದೆ. ಅದು ಪಾಠ ಮಾಡುವವರ ಮಾತು. ದೋಣಿಯಲ್ಲಿ ನಿಂತು "ಅಲ್ನೋಡು" ಅಂತ ಕೂಗುವವನಿಗೆ 'ನೂಮ ದಾ' ಸಾಕು.

ಈಗ ತೊಂದರೆ ಕೊಡುತ್ತಿರುವುದು ಅಣಬೆ. ವಂಶದಲ್ಲಿ ಅದು ಗಿಡಕ್ಕಿಂತ ಪ್ರಾಣಿಗೆ ಹತ್ತಿರ. 'ಎರ್' ಹಾಕಿದರೆ ಆ ಕಡೆಯ ಲೆಕ್ಕ ಸುಲಭ. ಆದರೆ ದಿನದ ಮಾತಿನಲ್ಲಿ ಅದನ್ನ ಎಲ್ಲಿ ಇಡಲಿ? ನೆಲದಿಂದ ಏಳುತ್ತೆ ಅಂತ ಗಿಡದ ಜೊತೆ ಸೇರಿಸಿದ್ದೆ. ಬೇರೂ ಇಲ್ಲ, ಎಲೆಯೂ ಇಲ್ಲ ಅಂತ ಮೊನ್ನೆ ಅಲ್ಲಿಂದ ತೆಗೆದಿದ್ದೇನೆ. ಪಟ್ಟಿಯಲ್ಲಿ ಆ ಸಾಲು ಇನ್ನೂ ಖಾಲಿ ಇದೆ.